ಹೆಪ್ಪಿನಿಂದ ಇನ್ಸುಲಿನ್‌ವರೆಗೆ: ಜೈವಿಕ ತಂತ್ರಜ್ಞಾನದ ಚರಿತ್ರೆಯ ಬಗೆಗಿನ ತಪ್ಪು ಕಲ್ಪನೆಗಳು

ತಪ್ಪು ಕಲ್ಪನೆ 1: ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ವಿದ್ಯೆಯೊಂದಿಗೆ ಜೈವಿಕ ತಂತ್ರಜ್ಞಾನ ಹುಟ್ಟಿತು.

ಸತ್ಯ: ಜೀವಿಗಳನ್ನಾಗಲಿ, ಅವುಗಳ ಕಿಣ್ವಗಳನ್ನಾಗಲಿ (ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳನ್ನು) ಬಳಸಿ ಮನುಷ್ಯನಿಗೆ ಬೇಕಾದುದನ್ನು ತಯಾರಿಸುವ ವಿಧಾನಗಳೆಲ್ಲ ಈ ತಂತ್ರಜ್ಞಾನದ ವ್ಯಾಪ್ತಿಗೆ ಸೇರುವುದರಿಂದ, ಹಾಲಿಗೆ ಹೆಪ್ಪು ಹಾಕುವುದೂ ಹಿಟ್ಟನ್ನು ಹುದುಗಿಸುವುದೂ ಅದರ ಹಳೆಯ ರೂಪಗಳೇ. ಚೀನಾದ ಜಿಯಾಹುವಿನಲ್ಲಿ ದೊರೆತ, ಸುಮಾರು 9,000 ವರ್ಷಗಳಷ್ಟು ಹಳೆಯ ಮಡಕೆಗಳಲ್ಲಿ ಅಕ್ಕಿ, ಜೇನು ಮತ್ತು ಹಣ್ಣುಗಳಿಂದ ಹುದುಗಿಸಿದ ಪಾನೀಯದ ಅವಶೇಷಗಳು ಪತ್ತೆಯಾಗಿವೆ. ಹೆಸರು ಮಾತ್ರ ಹೊಸದು: ಹಂಗೇರಿಯ ಕೃಷಿ ಎಂಜಿನಿಯರ್ ಕಾರೊಯ್ ಎರೆಕಿ 1919ರಲ್ಲಿ, ಮಾಂಸ, ಕೊಬ್ಬು ಮತ್ತು ಹಾಲಿನ ಉತ್ಪಾದನೆಯನ್ನು ಕುರಿತ ಪುಸ್ತಕದಲ್ಲಿ ಅದನ್ನು ಬಳಸಿದರು.

ತಪ್ಪು ಕಲ್ಪನೆ 2: ಹುದುಗಿಸುವ ಕಲೆ ಬಲ್ಲ ಪ್ರಾಚೀನರಿಗೆ ಸೂಕ್ಷ್ಮಜೀವಿಗಳ ಅರಿವೂ ಇತ್ತು.

ಸತ್ಯ: ಹುಳಿ ಬಂದ ಹಿಟ್ಟನ್ನು ಹೊಸ ಹಿಟ್ಟಿಗೆ ಬೆರೆಸಿದರೆ ಅದೂ ಉಬ್ಬುತ್ತದೆಂಬ ಫಲವನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು, ಕಾರಣ ತಿಳಿದಿರಲಿಲ್ಲ. ಬ್ಯಾಕ್ಟೀರಿಯಗಳನ್ನು 1670ರ ದಶಕದಲ್ಲಿ ಮೊದಲು ಕಂಡವರು, ಮಸೂರಗಳನ್ನು ಸ್ವತಃ ತಯಾರಿಸಿಕೊಂಡ ಡಚ್ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ಹುದುಗುವಿಕೆ ಜೀವಿಗಳ ಕಾರ್ಯವೆಂದು ಲೂಯಿ ಪಾಶ್ಚರ್ 1857ರಿಂದ ಆರಂಭಿಸಿದ ಅಧ್ಯಯನಗಳಲ್ಲಿ ತೋರಿಸಿದರೆ, ಜೀವಕೋಶಗಳಿಲ್ಲದ ಯೀಸ್ಟ್ ರಸವೂ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆಂದು 1897ರಲ್ಲಿ ಕಂಡುಕೊಂಡ ಎಡ್ವರ್ಡ್ ಬುಕ್ನರ್ ಕಿಣ್ವಗಳ ಪಾತ್ರವನ್ನು ಸ್ಪಷ್ಟಪಡಿಸಿದರು.

ತಪ್ಪು ಕಲ್ಪನೆ 3: ಪೆನಿಸಿಲಿನ್ ಔಷಧವಾದದ್ದು ಅಲೆಕ್ಸಾಂಡರ್ ಫ್ಲೆಮಿಂಗ್ ಒಬ್ಬರಿಂದಲೇ.

ಸತ್ಯ: ಬ್ಯಾಕ್ಟೀರಿಯಗಳನ್ನು ಕೊಲ್ಲುವ ಬೂಷ್ಟಿನ ಗುಣವನ್ನು ಫ್ಲೆಮಿಂಗ್ 1928ರಲ್ಲಿ ಗುರುತಿಸಿದರಾದರೂ ಅದರ ಸಾರವನ್ನು ಶುದ್ಧರೂಪದಲ್ಲಿ ಪಡೆಯಲಾಗಲಿಲ್ಲ. ಆಕ್ಸ್‌ಫರ್ಡಿನ ಫ್ಲೋರಿ ಮತ್ತು ಚೈನ್ ಅವರ ತಂಡ 1940ರಲ್ಲಿ ಅದು ಸೋಂಕು ತಗುಲಿದ ಇಲಿಗಳನ್ನು ಉಳಿಸುತ್ತದೆಂದು ತೋರಿಸಿತು. ಅಮೆರಿಕದ ಪಿಯೋರಿಯದಲ್ಲಿ, ಮೆಕ್ಕೆಜೋಳದಿಂದ ಪಿಷ್ಟ ತೆಗೆದ ಮೇಲೆ ಉಳಿಯುವ ದ್ರಾವಣದಲ್ಲಿ ಬೂಷ್ಟನ್ನು ಬೆಳೆಸಿ ಇಳುವರಿ ಹೆಚ್ಚಿಸಲಾಯಿತು. 1945ರ ನೊಬೆಲ್ ಪ್ರಶಸ್ತಿ ಮೂವರಿಗೂ ಸಂದಿತು.

ತಪ್ಪು ಕಲ್ಪನೆ 4: ವಂಶವಾಹಿ ಮಾರ್ಪಾಡು ಎಂದರೆ ಬಿಟಿ ಹತ್ತಿಯಂಥ ಬೆಳೆಗಳು ಮಾತ್ರ.

ಸತ್ಯ: ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತದ್ದು 2002ರಲ್ಲಿ, ಅದಕ್ಕೂ 20 ವರ್ಷ ಮೊದಲೇ, 1982ರಲ್ಲಿ, ಮಾನವ ವಂಶವಾಹಿಯನ್ನು ಸೇರಿಸಿದ ಬ್ಯಾಕ್ಟೀರಿಯದಿಂದ ತಯಾರಾದ ಇನ್ಸುಲಿನ್‌ಗೆ ಅಮೆರಿಕ ಒಪ್ಪಿಗೆ ನೀಡಿತ್ತು. ಅಲ್ಲಿಯವರೆಗೆ ಮಧುಮೇಹಿಗಳು ಹಂದಿ ಮತ್ತು ದನಗಳ ಮೇದೋಜ್ಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ನನ್ನೇ ಅವಲಂಬಿಸಿದ್ದರು. ಬ್ರೆಡ್ಡಿನ ಹಿಟ್ಟನ್ನು ಸಾವಿರಾರು ವರ್ಷಗಳಿಂದ ಉಬ್ಬಿಸುತ್ತ ಬಂದ ಯೀಸ್ಟೂ, ಮಾನವ ವಂಶವಾಹಿ ಸೇರಿಸಿದ ಮೇಲೆ, ಇಂದು ಇನ್ಸುಲಿನ್ನನ್ನು ತಯಾರಿಸುತ್ತಿದೆ.