ನೀಲಗಿರಿಯ ತೋಡರು ಮತ್ತು ಅವರನ್ನು ಅರಿಯಲು ಬಂದವರು

ನೀಲಗಿರಿಯ ಹುಲ್ಲುಗಾವಲುಗಳಲ್ಲಿ ಎಮ್ಮೆ ಸಾಕಿ ಬದುಕಿದ ತೋಡರು ಸಂಖ್ಯೆಯಲ್ಲಿ ಎಂದೂ ದೊಡ್ಡವರಲ್ಲ. 20ನೆಯ ಶತಮಾನದ ಆರಂಭದಲ್ಲಿ ಅವರು ಸುಮಾರು 800 ಮಂದಿ; ಈಗಲೂ ಎರಡು ಸಾವಿರದ ಆಸುಪಾಸು. ಆದರೂ ಮಾನವಶಾಸ್ತ್ರದ ಯಾವ ಪಠ್ಯಪುಸ್ತಕ ತೆರೆದರೂ ಅವರ ಹೆಸರು ಸಿಗುತ್ತದೆ. 1820ರ ದಶಕದಲ್ಲಿ ಉದಕಮಂಡಲದಲ್ಲಿ ಬಂಗಲೆ ಕಟ್ಟಿಕೊಂಡ ಬ್ರಿಟಿಷರಿಗೆ, ಅರ್ಧ ಪೀಪಾಯಿಯ ಆಕಾರದ ಗುಡಿಸಲಿನಲ್ಲಿ ವಾಸಿಸುತ್ತ ಮೈತುಂಬ ಬಿಳಿ ಹೊದಿಕೆ ಹೊದೆಯುವ ಈ ಜನ ದೊಡ್ಡ ಒಗಟಾದರು. ರೋಮನ್ನರ ಸಂತತಿ ಎಂದವರುಂಟು, ಯೆಹೂದ್ಯರ ಕಳೆದುಹೋದ ಕುಲ ಎಂದವರೂ ಉಂಟು. ತೋಡ ಭಾಷೆ ಕನ್ನಡ, ತಮಿಳುಗಳ ಬಳಗಕ್ಕೇ ಸೇರಿದ ದ್ರಾವಿಡ ಭಾಷೆ ಎಂಬುದರ ಮುಂದೆ ಈ ಊಹೆಗಳಾವುವೂ ನಿಲ್ಲಲಿಲ್ಲ.

ವ್ಯವಸ್ಥಿತ ಅಧ್ಯಯನ ಶುರುವಾದದ್ದು ಕೇಂಬ್ರಿಜ್‌ನ ಡಬ್ಲ್ಯೂ. ಎಚ್. ಆರ್. ರಿವರ್ಸ್ ಅವರಿಂದ. ವೈದ್ಯರೂ ಮನಶ್ಶಾಸ್ತ್ರಜ್ಞರೂ ಆಗಿದ್ದ ರಿವರ್ಸ್ 1898ರಲ್ಲಿ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋಗಿದ್ದಾಗ ಒಂದು ವಿಧಾನ ಕಂಡುಕೊಂಡಿದ್ದರು: ಪ್ರತಿಯೊಬ್ಬರ ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರು ಕೇಳಿ ಇಡೀ ಸಮುದಾಯದ ವಂಶಾವಳಿ ಬರೆಯುವುದು, ಆಮೇಲೆ ಅದರಿಂದ ಮದುವೆ, ಆಸ್ತಿ, ಸಂಬಂಧಗಳ ನಿಯಮ ತಿಳಿಯುವುದು. ಇದನ್ನೇ ಅವರು ತೋಡರಲ್ಲಿ ಬಳಸಿದರು. 1906ರಲ್ಲಿ ‘ದ ತೋಡಾಸ್’ ಹೊರಬಂತು.

ಆ ಗ್ರಂಥದ ಬಹುಭಾಗ ಹಾಲಿನ ಸುತ್ತಲೇ ತಿರುಗುತ್ತದೆ. ಸಾಮಾನ್ಯ ಎಮ್ಮೆಗಳ ಹಾಲು ಮನೆಗೆ. ಪವಿತ್ರ ಎಮ್ಮೆಗಳ ಹಾಲು ಹಾಲ್ಮನೆಗೆ. ಹಾಲ್ಮನೆಯೇ ಗುಡಿ, ಹಾಲು ಕರೆದು ಕಡೆಯುವವನೇ ಪೂಜಾರಿ. ಅತ್ಯುನ್ನತ ದರ್ಜೆಯ ಹಾಲ್ಮನೆಯಲ್ಲಿ ಒಳಕೋಣೆಯ ಪಾತ್ರೆ ಹೊರಕೋಣೆಯ ಪಾತ್ರೆಗೆ ತಾಗುವಂತಿಲ್ಲ. ಒಳಗಿನದನ್ನು ಹೊರಕ್ಕೆ ದಾಟಿಸಲು ನಡುವೆ ಮತ್ತೊಂದು ಪಾತ್ರೆಯೇ ಬೇಕು. ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ ಇರುವ ಪದ್ಧತಿಯೂ ತೋಡರಲ್ಲಿ ಇದ್ದುದರಿಂದ ಮಗುವಿನ ತಂದೆ ಯಾರೆಂಬುದನ್ನು ಒಂದು ಆಚರಣೆ ನಿರ್ಧರಿಸುತ್ತಿತ್ತು. ಬಸಿರಿಗೆ ಏಳನೆಯ ತಿಂಗಳಾದಾಗ ಮರವೊಂದರ ಕಾಂಡದಲ್ಲಿ ಗೂಡು ಕೊರೆದು ದೀಪವಿಡುತ್ತಾರೆ. ಅದರ ಬುಡದಲ್ಲಿ ಗಂಡ, ಕಡ್ಡಿ ಮತ್ತು ಹುಲ್ಲಿನಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಹೆಂಡತಿಗೆ ಕೊಡುತ್ತಾನೆ. ಬಿಲ್ಲು ಕೊಟ್ಟವನೇ ತಂದೆ. ಮುಂದೆ ಇನ್ನೊಬ್ಬ ಬಿಲ್ಲು ಕೊಡುವ ತನಕ ಹುಟ್ಟುವ ಮಕ್ಕಳೂ ಅವನವೇ. ರಕ್ತಸಂಬಂಧ ಬೇರೆ, ಸಮಾಜ ಒಪ್ಪಿದ ಪಿತೃತ್ವ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಹುಡುಕುವುದು ಕಷ್ಟ.

ರಿವರ್ಸ್‌ಗೆ ಹಾಲ್ಮನೆಯ ಗುಟ್ಟು ಹೇಳಿಕೊಟ್ಟ ಕೆಲವರಿಗೆ ಆಮೇಲೆ ಸಾವುನೋವುಗಳು ಎದುರಾದವು. ಪರಕೀಯನಿಗೆ ದೇವರ ವಿಷಯ ಹೇಳಿದ್ದೇ ಇದಕ್ಕೆ ಕಾರಣವೆಂದು ಕಣಿ ಹೇಳುವವರು ತೀರ್ಮಾನಿಸಿದರು. ರಿವರ್ಸ್ ಇದನ್ನು ಮುಚ್ಚಿಡದೆ ಪುಸ್ತಕದಲ್ಲೇ ಬರೆದರು. ಸಂಶೋಧನೆಯ ಬೆಲೆಯನ್ನು ಮಾಹಿತಿ ಕೊಟ್ಟವರೂ ತೆರುತ್ತಾರೆ ಎಂಬ ಚರ್ಚೆ ಮಾನವಶಾಸ್ತ್ರದಲ್ಲಿ ಬಲಗೊಂಡದ್ದು ಬಹಳ ತಡವಾಗಿ.

ಆದರೆ ರಿವರ್ಸ್ ದುಭಾಷಿಗಳನ್ನು ನೆಚ್ಚಿದ್ದರು. ಆ ಕೊರತೆ ತುಂಬಿದವರು ಕೆನಡಾದ ನೋವಾಸ್ಕೋಶಿಯದಲ್ಲಿ ಹುಟ್ಟಿದ ಮರ್ರೆ ಬಿ. ಎಮೆನೋ. ಸಂಸ್ಕೃತ ಓದಿ ಬಂದಿದ್ದ ಅವರು 1935ರಿಂದ 1938ರವರೆಗೆ ಭಾರತದಲ್ಲಿದ್ದು ತೋಡ, ಕೋತ, ಕೊಡವ, ಕೋಲಾಮಿ ಭಾಷೆಗಳನ್ನು ಮಾತಾಡುವವರ ಬಾಯಿಂದಲೇ ಕೇಳಿ ಬರೆದುಕೊಂಡರು. ಫಲ ಬೇಗನೆ ಕಂಡಿತು. ತೋಡರಿಗೆ ತಂದೆಯ ಕಡೆಯ ಕುಲವಷ್ಟೇ ಅಲ್ಲ, ತಾಯಿಯ ಕಡೆಯಿಂದ ಬರುವ ಕುಲವೂ ಇದೆ, ಅದರೊಳಗೂ ಮದುವೆ ನಿಷಿದ್ಧ ಎಂದು 1937ರಲ್ಲಿ ಅವರು ಪ್ರಕಟಿಸಿದರು. ತಾಯಿಯಿಂದ ಬರುವ ತುಳುನಾಡಿನ ‘ಬರಿ’ ಬಲ್ಲವರಿಗೆ ಇದು ಅಪರಿಚಿತವೆನಿಸದು. ವಂಶಾವಳಿ ವಿಧಾನದ ಪ್ರವರ್ತಕನಾದ ರಿವರ್ಸ್‌ಗೇ ಇದು ತಪ್ಪಿಹೋಗಿತ್ತೆಂಬುದು ಮಾತ್ರ ಗಮನಾರ್ಹ. ತೋಡ ಹಾಡುಗಳಲ್ಲಿ ಒಂದು ನುಡಿ ಬಂದರೆ ಅದರ ಜೋಡಿನುಡಿ ಹಿಂದೆಯೇ ಬರುತ್ತದೆ, ಹಾಡುಗಾರ ಸಿದ್ಧ ಜೋಡಿಗಳಿಂದಲೇ ಹೊಸ ಹಾಡು ಕಟ್ಟುತ್ತಾನೆ ಎಂಬುದನ್ನೂ ಅವರು ತೋರಿಸಿಕೊಟ್ಟರು. ಅವರ ತೋಡ ಹಾಡುಗಳ ಬೃಹತ್ ಸಂಪುಟ 1971ರಲ್ಲಿ ಅಚ್ಚಾಯಿತು. ಭಾಷಾಶಾಸ್ತ್ರಜ್ಞ ಟಿ. ಬರೋ ಜೊತೆಗೂಡಿ 1961ರಲ್ಲಿ ತಂದ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಕನ್ನಡದ ಪಕ್ಕದಲ್ಲೇ ತೋಡ, ಕೋತ, ಕೊಡವ ಪದಗಳು ನಿಂತಿರುವುದಕ್ಕೂ ಈ ಕ್ಷೇತ್ರಕಾರ್ಯವೇ ಆಧಾರ.

ಎಮೆನೋ ಭಾರತದಲ್ಲಿದ್ದ ಕಾಲದಲ್ಲೇ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡೆಲ್‌ಬಾಮ್ ತೋಡರನ್ನು ಒಂಟಿಯಾಗಿ ನೋಡುವ ಅಭ್ಯಾಸವನ್ನೇ ಬದಲಿಸಿದರು. ತೋಡರ ತುಪ್ಪ, ಕನ್ನಡಕ್ಕೆ ಹತ್ತಿರದ ಮಾತಾಡುವ ಬಡಗರ ಧಾನ್ಯ, ಕೋತರ ಕಬ್ಬಿಣದ ಹತಾರ, ಮಡಕೆ ಮತ್ತು ವಾದ್ಯ, ಕುರುಂಬರ ಕಾಡಿನ ಉತ್ಪನ್ನ ನೀಲಗಿರಿಯ ಈ ನೆರೆಹೊರೆಯ ಸಮುದಾಯಗಳ ನಡುವೆ ಕುಟುಂಬದಿಂದ ಕುಟುಂಬಕ್ಕೆ ಕೈಬದಲಾಗುತ್ತಿದ್ದವು. ಬಡಗರಲ್ಲಿ ಸುಧಾರಣೆ ಬಯಸಿದವರು ಸಾವಿನ ಮನೆಗೆ ಕೋತರ ವಾದ್ಯ ಬೇಡವೆಂದಾಗ ಈ ಹಳೆಯ ನಂಟು ಸಡಿಲಾದುದನ್ನೂ ಅವರು ದಾಖಲಿಸಿದರು. ಎಮೆನೋ ಮತ್ತು ಮ್ಯಾಂಡೆಲ್‌ಬಾಮ್ ಇಬ್ಬರಿಗೂ ನೆರವಾದವರು ಇಂಗ್ಲಿಷ್ ಕಲಿತಿದ್ದ ಕೋತ ಶಿಕ್ಷಕ ಸುಳ್ಳಿ.

ಆಮೇಲಿನ ಅಧ್ಯಯನಗಳು ಹಲವು ದಿಕ್ಕಿಗೆ ಹರಡಿವೆ. ಮಾನವಶಾಸ್ತ್ರಜ್ಞ ಆಂಟನಿ ವಾಕರ್ 1986ರ ಪುಸ್ತಕದಲ್ಲಿ ತೋಡ ಸಮಾಜವನ್ನು ಹೊಸದಾಗಿ ಪರಿಶೀಲಿಸಿದರು. ಧ್ವನಿವಿಜ್ಞಾನಿಗಳು ತೋಡ ಭಾಷೆಯಲ್ಲಿ ನಾಲಿಗೆ ತಾಗುವ ಜಾಗದಿಂದ ಬೇರ್ಪಡುವ ಮೂರು ಬಗೆಯ ರಕಾರಗಳನ್ನು ಪ್ರಯೋಗಾಲಯದ ಉಪಕರಣಗಳಿಂದ ಅಳೆದು 1996ರಲ್ಲಿ ಪ್ರಕಟಿಸಿದರು. ತೋಡ ಹೆಂಗಸರು ಬಿಳಿ ಬಟ್ಟೆಯ ಎಳೆಗಳನ್ನು ಎಣಿಸುತ್ತ ಕೆಂಪು, ಕಪ್ಪು ನೂಲಿನಲ್ಲಿ ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಉದಕಮಂಡಲದ ಬಳಿಯ ಮುತ್ತೊರೈ ಪಾಲಾಡದಲ್ಲಿ ತಮಿಳುನಾಡು ಸರ್ಕಾರದ ಬುಡಕಟ್ಟು ಸಂಶೋಧನ ಕೇಂದ್ರವೂ ವಸ್ತುಸಂಗ್ರಹಾಲಯವೂ ಇವೆ.