ಕೆನಡದ ಯುಕ್ರೇನೀಯರು ಮತ್ತು ಆಫ್ರಿಕಮೂಲದವರು: ಸ್ಥಿತಿಭೇದದ ಕಾರಣವಿಚಾರ

೧

ಒಂದೇ ರಾಜ್ಯದ ಶಾಸನಗಳಿಗೆ ಒಳಪಟ್ಟು ಒಂದೇ ದೇಶದಲ್ಲಿ ನೆಲಸಿದ ಎರಡು ಜನಸಮುದಾಯಗಳು ಕೆಲವು ತಲೆಮಾರುಗಳು ಕಳೆದಮೇಲೆ ಸಂಪತ್ತಿನಲ್ಲಿಯೂ ಅಧಿಕಾರದಲ್ಲಿಯೂ ಭಿನ್ನವಾದ ಸ್ಥಿತಿಯನ್ನು ಹೊಂದಿರುವುದು ಕಂಡುಬಂದರೆ ಅದಕ್ಕೆ ಕಾರಣವೇನೆಂಬ ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ಲೋಕದಲ್ಲಿ ಬಹುಮಟ್ಟಿಗೆ ಕೇಳಿಬರುವ ಉತ್ತರ, “ಅದು ಆಯಾ ಕುಲದ ಸ್ವಭಾವ” ಎಂಬುದು. ಈ ಉತ್ತರವು ಕೇಳುವುದಕ್ಕೆ ಸುಲಭ, ಹೇಳುವುದಕ್ಕೆ ಇನ್ನೂ ಸುಲಭ. ಆದರೆ ಇದು ಅನುಮಾನದ ರೂಪದಲ್ಲಿರುವುದರಿಂದ ಅನುಮಾನಕ್ಕೆ ವಿಧಿಸಿದ ಪರೀಕ್ಷೆಗೆ ಇದನ್ನು ಒಳಪಡಿಸಲೇಬೇಕು. ಕೆನಡ ದೇಶಕ್ಕೆ ಹೋಗಿ ನೆಲಸಿದ ಯುಕ್ರೇನೀಯರ ಮತ್ತು ಆಫ್ರಿಕಮೂಲದವರ ವೃತ್ತಾಂತವನ್ನು ಎದುರಿಗಿಟ್ಟುಕೊಂಡು ಆ ಪರೀಕ್ಷೆಯನ್ನು ಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಈ ಎರಡು ಸಮುದಾಯಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ: ಇವರಿಬ್ಬರೂ ಒಂದೇ ಕಾಲದಲ್ಲಿ, ಒಂದೇ ಪ್ರಾಂತದಲ್ಲಿ, ಒಂದೇ ಶಾಸನದ ಮೇರೆಗೆ ಭೂಮಿಯನ್ನು ಪಡೆದ ಒಂದು ಸಂದರ್ಭವು ಇತಿಹಾಸದಲ್ಲಿ ದೊರೆಯುತ್ತದೆ.

೨

ಮೊದಲು ಹೆಸರುಗಳ ವಿಷಯ. ‘ಯುಕ್ರೇನೀಯ’ ಎಂಬ ಹೆಸರಿನಿಂದ ಇಂದು ಕರೆಯಲ್ಪಡುವವರು ಕೆನಡಕ್ಕೆ ಬಂದಾಗ ಆ ಹೆಸರಿನಿಂದ ಬರಲಿಲ್ಲ. ಅವರ ಸೀಮೆಯು ಆಗ ಆಸ್ಟ್ರಿಯ-ಹಂಗೆರಿ ಚಕ್ರಾಧಿಪತ್ಯಕ್ಕೆ ಸೇರಿದ್ದುದರಿಂದ ಸರಕಾರದ ದಾಖಲೆಗಳಲ್ಲಿ ಅವರು ಗಲೀಷಿಯದವರು, ಬುಕೋವಿನದವರು, ರುಥೇನಿಯನ್ನರು, ಕೆಲವೆಡೆ ಬರಿಯ ಆಸ್ಟ್ರಿಯನ್ನರು ಎಂದು ಬರೆಯಲ್ಪಟ್ಟಿದ್ದಾರೆ. ‘ಆಫ್ರಿಕಮೂಲದವರು’ ಎಂಬ ಹೆಸರಾದರೋ ಇನ್ನೂ ವಿಶಾಲವಾದುದು. ೧೭೮೩ರಲ್ಲಿ ನೋವಾ ಸ್ಕೋಷಿಯಕ್ಕೆ ಬಂದವರ ಸಂತತಿ, ೧೯೧೦ರ ಸುಮಾರಿಗೆ ಒಕ್ಲಹೋಮದಿಂದ ಬಂದ ರೈತರು, ೧೯೫೫ರಿಂದ ಮನೆಗೆಲಸಕ್ಕೆಂದು ಕರೆಯಿಸಿಕೊಳ್ಳಲ್ಪಟ್ಟ ಕೆರಿಬಿಯನ್ ದ್ವೀಪಗಳ ಸ್ತ್ರೀಯರು, ಈಚೆಗೆ ನೈಜೀರಿಯ, ಘಾನ, ಇಥಿಯೋಪಿಯ, ಸೋಮಾಲಿಯಗಳಿಂದ ಬಂದವರು, ಇವರೆಲ್ಲರೂ ಆ ಒಂದು ಹೆಸರಿನಲ್ಲಿ ಅಡಗಿದ್ದಾರೆ. ೨೦೨೧ರ ಜನಗಣತಿಯಲ್ಲಿ ಕಪ್ಪುವರ್ಣದವರೆಂದು ಎಣಿಸಲ್ಪಟ್ಟವರು ಸುಮಾರು ೧೫ ಲಕ್ಷ. ಯುಕ್ರೇನೀಯ ಮೂಲವನ್ನು ಹೇಳಿಕೊಂಡವರು ಸುಮಾರು ೧೨ ೧/೨ ಲಕ್ಷ. ಮೊದಲನೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶಗಳಲ್ಲಿ ಹುಟ್ಟಿದವರು; ಎರಡನೆಯವರಲ್ಲಿ ಬಹುಪಾಲು ಮೂರು ನಾಲ್ಕು ತಲೆಮಾರಿನಿಂದ ಅಲ್ಲಿಯವರು. ಆದುದರಿಂದ ಎರಡು ಸಮುದಾಯಗಳ ಆದಾಯದ ಸರಾಸರಿಯನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನಿರ್ಣಯಕ್ಕೆ ಬರುವುದು ಯುಕ್ತವಲ್ಲ. ಹಿಂದಿನ ಕಾಲಕ್ಕೆ ಹೋಗಿ, ಸಮಾನರಾದವರನ್ನು ಸಮಾನರೊಡನೆ ತೂಗಿ ನೋಡಬೇಕು.

೩

ಯುಕ್ರೇನೀಯರ ವಲಸೆಯು ೧೮೯೧ರಲ್ಲಿ ಗಲೀಷಿಯದ ನೆಬಿಲಿವ್ ಗ್ರಾಮದ ಇವಾನ್ ಪಿಲಿಪಿವ್, ವಾಸಿಲ್ ಎಲೆನ್ಯಾಕ್ ಎಂಬಿಬ್ಬರಿಂದ ಮೊದಲಾಯಿತೆಂದು ಚರಿತ್ರಕಾರರು ಹೇಳುತ್ತಾರೆ. ೧೮೯೫ರಲ್ಲಿ ಓಸಿಪ್ ಒಲೆಸ್ಕಿವ್ ಎಂಬ ವಿದ್ವಾಂಸನು ಕೆನಡವನ್ನು ಸುತ್ತಿ ನೋಡಿ ತನ್ನ ನಾಡಿನ ರೈತರಿಗೆ ಪುಸ್ತಕರೂಪವಾಗಿ ತಿಳಿವಳಿಕೆಯನ್ನು ಕೊಟ್ಟನು. ೧೮೯೬ರಿಂದ ೧೯೦೫ರ ವರೆಗೆ ಒಳನಾಡಿನ ಇಲಾಖೆಯ ಮಂತ್ರಿಯಾಗಿದ್ದ ಕ್ಲಿಫರ್ಡ್ ಸಿಫ್ಟನ್ ಪೂರ್ವ ಯೂರೋಪಿನ ಒಕ್ಕಲುಮಕ್ಕಳನ್ನು ಪಶ್ಚಿಮದ ಬಯಲುಸೀಮೆಗೆ ಕರೆತರುವುದನ್ನು ರಾಜ್ಯದ ನೀತಿಯನ್ನಾಗಿ ಮಾಡಿದನು. ಒಂದನೆಯ ಮಹಾಯುದ್ಧದ ಹೊತ್ತಿಗೆ ಬಂದವರ ಸಂಖ್ಯೆ ಸುಮಾರು ೧,೭೦,೦೦೦. ಅವರು ಕೈಯಲ್ಲಿ ತಂದುದು ಅಲ್ಪ. ಅಲ್ಲಿ ದೊರೆತುದು ಭೂಮಿ. ೧೮೭೨ರ ಭೂಶಾಸನದ ಪ್ರಕಾರ ೧೦ ಡಾಲರು ಶುಲ್ಕವನ್ನು ಕೊಟ್ಟವನಿಗೆ ೧೬೦ ಎಕರೆ ನೆಲವು ಗುರುತಾಗುತ್ತಿದ್ದಿತು. ಅಲ್ಲಿ ವಾಸವಾಗಿದ್ದು, ಗೊತ್ತಾದಷ್ಟು ನೆಲವನ್ನು ಉತ್ತು, ಮನೆಯನ್ನು ಕಟ್ಟಿದರೆ ಮೂರು ವರ್ಷಗಳ ಅನಂತರ ಆತನ ಹೆಸರಿಗೆ ಸರಕಾರದ ಹಕ್ಕುಪತ್ರವು ಬರುತ್ತಿದ್ದಿತು. ಆ ಪತ್ರದ ಬಲದಿಂದ ನೆಲವನ್ನು ಅಡವಿಟ್ಟು ಸಾಲ ತೆಗೆಯಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು.

ಆದರೂ ಇವರ ಮಾರ್ಗವು ಸುಗಮವಾಗಿದ್ದಿತೆಂದು ತಿಳಿಯಬಾರದು. ಯುದ್ಧವು ಮೊದಲಾದಾಗ ಇವರು ಶತ್ರುರಾಜ್ಯದ ಪ್ರಜೆಗಳೆಂದು ಎಣಿಸಲ್ಪಟ್ಟರು. ೧೯೧೪ರಿಂದ ೧೯೨೦ರ ವರೆಗೆ ಬಂದಿಶಿಬಿರಗಳಲ್ಲಿಡಲ್ಪಟ್ಟವರು ೮,೫೭೯ ಮಂದಿ. ಅವರಲ್ಲಿ ಹೆಚ್ಚಿನವರು ಯುಕ್ರೇನೀಯರು. ಸುಮಾರು ೮೦,೦೦೦ ಮಂದಿ ಅಧಿಕಾರಿಗಳ ಮುಂದೆ ಹೆಸರು ಬರೆಯಿಸಿ ಕಾಲಕಾಲಕ್ಕೆ ಹಾಜರಾಗಬೇಕಾಯಿತು. ೧೯೧೬ರಲ್ಲಿ ಮ್ಯಾನಿಟೋಬದ ದ್ವಿಭಾಷಾ ಶಾಲೆಗಳು ರದ್ದಾದವು. ೧೯೧೭ರ ಚುನಾವಣಾಶಾಸನವು, ಶತ್ರುರಾಜ್ಯಗಳಿಂದ ಬಂದು ೧೯೦೨ರ ಈಚೆಗೆ ಪೌರತ್ವವನ್ನು ಪಡೆದವರಿಂದ ಮತಾಧಿಕಾರವನ್ನು ಕಿತ್ತುಕೊಂಡಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಶಿಬಿರಗಳನ್ನು ತುಂಬಿದವರು ಹೆಚ್ಚಾಗಿ ಪಟ್ಟಣಗಳಲ್ಲಿಯೂ ರೈಲುದಾರಿಯ ಕೆಲಸಗಳಲ್ಲಿಯೂ ಇದ್ದು ಉದ್ಯೋಗ ತಪ್ಪಿದ ಕೂಲಿಗಾರರು. ಸ್ವಂತ ನೆಲದಲ್ಲಿ ನೆಲೆಯೂರಿದ ಒಕ್ಕಲಿಗರಲ್ಲಿ ಬಹುಮಂದಿ ಮನೆಗಳಲ್ಲಿಯೇ ಉಳಿದರು. ಅವರಿದ್ದ ಗ್ರಾಮಗಳಲ್ಲಿ ಚರ್ಚುಗಳೂ ‘ನರೋದ್ನಿ ದಿಮ್’ ಎಂಬ ಜನಭವನಗಳೂ ವಾಚನಾಲಯಗಳೂ ನಿಂತವು. ೧೯೨೬ರಲ್ಲಿ ಆಲ್ಬರ್ಟದ ವೆಗ್ರೆವಿಲ್ ಕ್ಷೇತ್ರದಿಂದ ಮೈಕೇಲ್ ಲುಚ್ಕೊವಿಚ್ ಪಾರ್ಲಿಮೆಂಟಿಗೆ ಆರಿಸಲ್ಪಟ್ಟನು. ೧೯೯೦ರಲ್ಲಿ ರೇಮನ್ ಹ್ನಾಟಿಷಿನ್ ಗವರ್ನರ್ ಜನರಲ್ ಪದವಿಗೆ ಏರಿದನು. ಮೊದಲ ವಲಸೆಗಾರನ ಕಾಲದಿಂದ ಅಲ್ಲಿಗೆ ಒಂದು ಶತಮಾನ ತುಂಬುವುದಕ್ಕೆ ಒಂದು ವರ್ಷ ಕಡಮೆ.

೪

ಆಫ್ರಿಕಮೂಲದವರ ಚರಿತ್ರೆ ಇದಕ್ಕಿಂತ ಹಳೆಯದು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷರ ಪಕ್ಷವನ್ನು ಸೇರಿ ಬಿಡುಗಡೆ ಹೊಂದಿದ ಸುಮಾರು ೩,೦೦೦ ಮಂದಿ ೧೭೮೩ರಲ್ಲಿ ನೋವಾ ಸ್ಕೋಷಿಯಕ್ಕೆ ಬಂದರು. ಅವರಿಗೆ ಭೂಮಿಯ ಆಶ್ವಾಸನವಿದ್ದಿತು. ಆದರೆ ಬಿಳಿಯರಿಗೆ ಹಂಚಿ ಆದಮೇಲೆ ಕೆಲವರಿಗೆ ಕಲ್ಲುನೆಲದ ಸಣ್ಣ ತುಂಡುಗಳು ದೊರೆತವು, ಅನೇಕರಿಗೆ ಏನೂ ದೊರೆಯಲಿಲ್ಲ. ಇದರಿಂದ ಬೇಸತ್ತು ಸುಮಾರು ೧,೨೦೦ ಮಂದಿ ೧೭೯೨ರಲ್ಲಿ ೧೫ ಹಡಗುಗಳಲ್ಲಿ ಸಿಯೆರ ಲಿಯೋನಿಗೆ ಹೊರಟುಹೋದರು. ೧೮೧೨ರ ಯುದ್ಧದ ಅನಂತರ ಬಂದ ಸುಮಾರು ೨,೦೦೦ ಮಂದಿಯನ್ನು ಪ್ರೆಸ್ಟನ್, ಹ್ಯಾಮಂಡ್ಸ್ ಪ್ಲೇನ್ಸ್ ಮುಂತಾದ ಕಡೆಗಳಲ್ಲಿ ನೆಲೆಗೊಳಿಸಿದಾಗ ಕೊಟ್ಟುದು ಹತ್ತು ಎಕರೆಗಳಷ್ಟು ಚಿಕ್ಕ ಹಿಡುವಳಿಗಳು; ಅವಕ್ಕೂ ಹಕ್ಕುಪತ್ರವಿಲ್ಲ, ವಾಸದ ಅನುಮತಿ ಮಾತ್ರ. ಅಂತಹ ನೆಲವನ್ನು ಅಡವಿಡುವುದಕ್ಕಾಗಲಿ ನ್ಯಾಯಸಮ್ಮತವಾಗಿ ಮಾರುವುದಕ್ಕಾಗಲಿ ಬರುವಂತಿರಲಿಲ್ಲ. ಈ ತೊಡಕು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದುದರಿಂದ ೨೦೧೭ರಲ್ಲಿ ಆ ಪ್ರಾಂತದ ಸರಕಾರವು ಐದು ಗ್ರಾಮಸಮುದಾಯಗಳ ನಿವಾಸಿಗಳಿಗೆ ಹಕ್ಕುಪತ್ರ ಮಾಡಿಕೊಡುವ ಕಾರ್ಯವನ್ನು ಪ್ರತ್ಯೇಕವಾಗಿ ಕೈಕೊಳ್ಳಬೇಕಾಯಿತು.

ಹ್ಯಾಲಿಫ್ಯಾಕ್ಸ್ ನಗರದ ಅಂಚಿನಲ್ಲಿದ್ದ ಆಫ್ರಿಕ್‌ವಿಲ್ ಎಂಬ ಊರಿನ ಕಥೆಯೂ ಇದೇ ಜಾತಿಗೆ ಸೇರಿದುದು. ಅಲ್ಲಿಯವರು ನಗರಕ್ಕೆ ತೆರಿಗೆಯನ್ನು ಕೊಡುತ್ತಿದ್ದರು. ನಗರವು ಅವರಿಗೆ ನೀರಿನ ನಳವನ್ನೂ ಚರಂಡಿಯನ್ನೂ ಕೊಡಲಿಲ್ಲ, ಆದರೆ ಕಸದ ರಾಶಿಯನ್ನು ಅವರ ಮನೆಗಳ ಬಳಿ ತಂದಿಟ್ಟಿತು. ೧೯೬೪ರಲ್ಲಿ ಮೊದಲುಮಾಡಿ ೧೯೭೦ರ ಹೊತ್ತಿಗೆ ಸುಮಾರು ೪೦೦ ಮಂದಿಯನ್ನು ಎಬ್ಬಿಸಿ ಊರನ್ನು ನೆಲಸಮ ಮಾಡಿದರು. ಸಾಮಾನುಗಳನ್ನು ಸಾಗಿಸಿದುದು ನಗರದ ಕಸದ ಗಾಡಿಗಳಲ್ಲಿ. ಪತ್ರವನ್ನು ತೋರಿಸಲಾರದವರಿಗೆ ೫೦೦ ಡಾಲರು ಸಂದಿತು. ನಗರವು ಕ್ಷಮಾಪಣೆಯನ್ನು ಕೇಳಿದುದು ೨೦೧೦ರಲ್ಲಿ.

೫

ಈಗ ಕಾರಣವಿಚಾರಕ್ಕೆ ಬರೋಣ. ಪೂರ್ವಪಕ್ಷದವರು ಸೂಚಿಸಬಹುದಾದ ಕಾರಣಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ. ಕಾಲವು ಕಾರಣವೆಂದರೆ, ಮುಂಚೆ ಬಂದವರು ಮುಂದಿರಬೇಕಾಗಿತ್ತು. ಆಫ್ರಿಕಮೂಲದವರು ಯುಕ್ರೇನೀಯರಿಗಿಂತ ೧೦೮ ವರ್ಷ ಮುಂಚೆ ಬಂದವರು. ಭಾಷೆಯು ಕಾರಣವೆಂದರೆ, ಅವರು ಇಂಗ್ಲಿಷನ್ನು ಆಡುತ್ತಲೇ ಬಂದವರು. ಯುಕ್ರೇನೀಯರಿಗೆ ಅದರ ಒಂದಕ್ಷರವೂ ಬಾರದು. ಮತವು ಕಾರಣವೆಂದರೆ, ಆ ನಾಡಿನ ಬಹುಜನರದಾದ ಪ್ರಾಟೆಸ್ಟಂಟ್ ಮತಕ್ಕೆ ಸೇರಿದವರು ಅವರೇ. ಪೂರ್ವದೇಶದ ಪೂಜಾಕ್ರಮವನ್ನು ಅನುಸರಿಸುತ್ತಿದ್ದ ಯುಕ್ರೇನೀಯರು ವಿಚಿತ್ರರೆಂದು ಕಾಣಿಸಿಕೊಂಡವರು. ಹೀಗೆ ಕಾಲ, ಭಾಷೆ, ಮತ ಮೂರೂ ಯಾರಿಗೆ ಅನುಕೂಲವಾಗಿದ್ದುವೋ ಅವರೇ ಹಿಂದುಳಿದುದರಿಂದ ಇವು ಯಾವುವೂ ಕಾರಣವಾಗಲಾರವು.

ಉಳಿದುದು ಕುಲಸ್ವಭಾವವೆಂಬ ಹೇತು. ಇದರ ಪರೀಕ್ಷೆಗೆ ಆಲ್ಬರ್ಟ ಪ್ರಾಂತವೇ ನಮಗೆ ಸ್ಥಳವನ್ನೊದಗಿಸುತ್ತದೆ. ಒಕ್ಲಹೋಮವು ೧೯೦೭ರಲ್ಲಿ ಸಂಸ್ಥಾನವಾದೊಡನೆ ಅಲ್ಲಿ ವರ್ಣಭೇದದ ಶಾಸನಗಳು ಬಂದವು. ಅದನ್ನು ತಾಳಲಾರದೆ ಸಾವಿರಕ್ಕೆ ಮೀರಿದ ಆಫ್ರಿಕಮೂಲದ ರೈತರು ಉತ್ತರಕ್ಕೆ ಬಂದು, ಅದೇ ೧೦ ಡಾಲರು ಶುಲ್ಕವನ್ನು ಕೊಟ್ಟು, ಅದೇ ೧೬೦ ಎಕರೆಗಳನ್ನು ಪಡೆದರು. ಎಡ್ಮಂಟನ್ ನಗರದಿಂದ ಉತ್ತರಕ್ಕೆ ಸುಮಾರು ೧೬೦ ಕಿಲೋಮೀಟರು ದೂರದಲ್ಲಿ ಅವರು ನೆಲಸಿದ ಸ್ಥಳಕ್ಕೆ ಅನಂತರ ಆಂಬರ್ ವ್ಯಾಲಿ ಎಂದು ಹೆಸರಾಯಿತು. ಜವುಗು ನೆಲ, ದಟ್ಟವಾದ ಕಾಡು, ಕಠಿನವಾದ ಚಳಿ. ಅವರು ಮರಗಳನ್ನು ಕಡಿದರು, ನೆಲವನ್ನು ಹಸನುಮಾಡಿದರು, ಶಾಲೆಯನ್ನೂ ಚರ್ಚನ್ನೂ ಕಟ್ಟಿದರು. ಅದೇ ಪ್ರಾಂತದಲ್ಲಿ ಎಡ್ಮಂಟನ್ನಿಗೆ ಈಶಾನ್ಯದಲ್ಲಿದ್ದ ಯುಕ್ರೇನೀಯರು ಮಾಡಿದುದೂ ಇದನ್ನೇ. ಶಾಸನವು ಸಮವಾಗಿದ್ದೆಡೆಯಲ್ಲಿ ಕೆಲಸವೂ ಸಮವಾಗಿಯೇ ನಡೆಯಿತು.

ಅನಂತರ ಆದುದೇನು? ಯುಕ್ರೇನೀಯನ ಹಿಂದೆ ಆತನ ಬಂಧುಬಳಗವೂ ಊರಿನವರೂ ಬರುತ್ತಲೇ ಇದ್ದರು. ಆಫ್ರಿಕಮೂಲದವನ ಹಿಂದೆ ಬಾಗಿಲು ಮುಚ್ಚಿತು. ಎಡ್ಮಂಟನ್ನಿನ ವರ್ತಕಮಂಡಲಿಯು ಇವರ ವಲಸೆಯನ್ನು ತಡೆಯಬೇಕೆಂದು ಅರ್ಜಿಯನ್ನು ಹರಡಿತು. ೧೯೧೦ರ ವಲಸೆಯ ಶಾಸನವು, ದೇಶದ ಹವೆಗೂ ಅವಶ್ಯಕತೆಗಳಿಗೂ ಹೊಂದದೆಂದು ತೋರಿದ ಯಾವ ಕುಲವನ್ನಾದರೂ ನಿಷೇಧಿಸುವ ಅಧಿಕಾರವನ್ನು ಮಂತ್ರಿಮಂಡಲಕ್ಕೆ ಕೊಟ್ಟಿದ್ದಿತು. ಅದರ ಬಲದಿಂದ ೧೯೧೧ರ ಆಗಸ್ಟ್ ೧೨ರಂದು ಲೋರಿಯೆ ಮಂತ್ರಿಮಂಡಲವು ಕಪ್ಪುವರ್ಣದವರ ವಲಸೆಯನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸುವ ಆಜ್ಞೆಯನ್ನು ಅಂಗೀಕರಿಸಿತು. ಆ ಆಜ್ಞೆಯು ಜಾರಿಗೆ ಬರಲಿಲ್ಲ, ಅಕ್ಟೋಬರಿನಲ್ಲಿ ರದ್ದೂ ಆಯಿತು. ಆದರೆ ಅಧಿಕಾರಿಗಳು ಗಡಿಯಲ್ಲಿ ಒಡ್ಡಿದ ಅಡ್ಡಿಗಳಿಂದಲೂ ಒಕ್ಲಹೋಮದಲ್ಲಿಯೇ ನಡೆಯಿಸಿದ ನಿರುತ್ಸಾಹದ ಪ್ರಚಾರದಿಂದಲೂ ಆ ವಲಸೆಯು ಹೆಚ್ಚುಕಡಮೆ ನಿಂತೇಹೋಯಿತು. ಆ ಚಳಿಯಲ್ಲಿ ನೆಲವನ್ನು ಉತ್ತವರು ಕಣ್ಣೆದುರಿಗೇ ಇರುವಾಗ ಅವರ ಕುಲವು ಆ ಚಳಿಗೆ ಹೊಂದದೆಂಬುದು ಪ್ರತ್ಯಕ್ಷಬಾಧಿತವಾದ ವಾದವಲ್ಲವೆ?

ನಮ್ಮ ನೈಯಾಯಿಕರು ಹೇಳುವ ದೃಷ್ಟಾಂತವು ಇಲ್ಲಿ ಉಪಯುಕ್ತವಾದುದು. ಹೊಗೆಯಿದ್ದೆಡೆಯಲ್ಲಿ ಬೆಂಕಿ ಇದ್ದೇ ಇರುತ್ತದೆ. ಆದರೆ ಬೆಂಕಿಯಿದ್ದ ಮಾತ್ರದಿಂದ ಹೊಗೆ ಇರಲೇಬೇಕೆಂಬುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಬೇಕಾದುದು ಹಸಿಯ ಸೌದೆ, ಅದೇ ಉಪಾಧಿ. ಅದರಂತೆಯೇ “ಇಂಥ ಕುಲದವರಾದುದರಿಂದ ಬಡವರು” ಎಂಬ ಅನುಮಾನದಲ್ಲಿಯೂ ಒಂದು ಉಪಾಧಿ ಅಡಗಿದೆ. ಹಕ್ಕಿನ ಅಭಾವವೇ ಇಲ್ಲಿಯ ಹಸಿ ಸೌದೆ. ಆಂಬರ್ ವ್ಯಾಲಿಯು ಕಾದ ಕಬ್ಬಿಣದ ಗುಂಡು: ಅಲ್ಲಿ ಕುಲವು ಇದ್ದಿತು, ಅಯೋಗ್ಯತೆ ಇರಲಿಲ್ಲ. ಇತ್ತ ಯುಕ್ರೇನೀಯರಲ್ಲಿಯೂ ನೆಲವೂ ಪೌರತ್ವವೂ ಇಲ್ಲದ ಕೂಲಿಗಾರನು ಶಿಬಿರವನ್ನು ಸೇರಿದನೆಂಬುದನ್ನು ಮೇಲೆ ನೋಡಿದೆವು: ಅಲ್ಲಿ ಆ ಕುಲವಿಲ್ಲ, ಹಸಿ ಸೌದೆಯಿದ್ದಿತು, ಹೊಗೆಯೂ ಎದ್ದಿತು.

೬

ಇಲ್ಲಿ ಒಂದು ಶಂಕೆಯುಂಟಾಗಬಹುದು. ಭೂಮಿಯ ಹಕ್ಕೊಂದೇ ಕಾರಣವಾದರೆ, ಆಂಬರ್ ವ್ಯಾಲಿಯಂತೆ ಹಕ್ಕನ್ನು ಪಡೆದವರಾದರೂ, ಅಥವಾ ಸ್ವಪ್ರಯತ್ನದಿಂದ ಸಂಪನ್ನರಾದವರಾದರೂ, ಸಮಾನಸ್ಥಿತಿಯನ್ನು ಪಡೆಯಬೇಕಾಗಿತ್ತಲ್ಲ ಎಂದು. ಈ ಶಂಕೆ ಯುಕ್ತವಾದುದೇ. ಅದಕ್ಕೆ ಸಮಾಧಾನವು ಎರಡನೆಯ ಕಾರಣದಲ್ಲಿದೆ. ನಾಮರೂಪಗಳೆಂಬ ಜೋಡಿಯಲ್ಲಿ ನಾಮವನ್ನು ಬದಲಾಯಿಸಬಹುದು, ರೂಪವನ್ನು ಬದಲಾಯಿಸಲಾಗದು. ಪಟ್ಟಣಕ್ಕೆ ಬಂದ ಯುಕ್ರೇನೀಯನ ಮಗನು ಇಂಗ್ಲಿಷನ್ನು ಕಲಿತು, ಬೇಕಾದರೆ ಮನೆತನದ ಹೆಸರನ್ನು ಮೊಟಕುಮಾಡಿಕೊಂಡು ಜನಸಂದಣಿಯಲ್ಲಿ ಬೆರೆಯಬಹುದಾಗಿತ್ತು. ಎಷ್ಟೋ ಮಂದಿ ಹಾಗೆ ಮಾಡಿದರು. ಆತನಿಗೆ ಅದು ತನ್ನ ತಾಯ್ನುಡಿಯ ಹಾನಿಯೆಂಬುದು ಸತ್ಯ. ಆದರೂ ಆ ದಾರಿಯೊಂದು ತೆರೆದಿದ್ದಿತು. ಆಫ್ರಿಕಮೂಲದವನಿಗೆ ಅದೂ ಇಲ್ಲ.

೧೯೪೬ರ ನವೆಂಬರಿನಲ್ಲಿ ವಯೋಲ ಡೆಸ್ಮಂಡ್ ಎಂಬಾಕೆ ನೋವಾ ಸ್ಕೋಷಿಯದ ನ್ಯೂ ಗ್ಲಾಸ್ಗೊ ಊರಿನ ಚಿತ್ರಮಂದಿರದಲ್ಲಿ ಬಿಳಿಯರಿಗೆ ಮೀಸಲಾಗಿದ್ದ ಕೆಳಗಿನ ಆಸನದಲ್ಲಿ ಕುಳಿತಳು. ಆಕೆ ಸ್ವಂತ ವ್ಯಾಪಾರವನ್ನು ನಡೆಯಿಸುತ್ತಿದ್ದ ಅನುಕೂಲಸ್ಥೆ; ಆ ಆಸನದ ಹಣವನ್ನು ಕೊಡುವುದಕ್ಕೂ ಸಿದ್ಧಳಾಗಿದ್ದಳು. ಆದರೂ ಆಕೆಯನ್ನು ಎಳೆದು ಹೊರಹಾಕಿ, ಎರಡು ಆಸನಗಳ ತೆರಿಗೆಯಲ್ಲಿದ್ದ ಒಂದು ಸೆಂಟಿನ ವ್ಯತ್ಯಾಸಕ್ಕಾಗಿ ಅಪರಾಧಿಯೆಂದು ದಂಡ ವಿಧಿಸಿದರು. ಆ ಪ್ರಾಂತವು ಆಕೆಯನ್ನು ನಿರಪರಾಧಿಯೆಂದು ಸಾರಿ ಕ್ಷಮಾದಾನವನ್ನು ಕೊಟ್ಟುದು ೨೦೧೦ರಲ್ಲಿ, ಮರಣಾನಂತರ. ಪ್ರತ್ಯೇಕ ಶಾಲೆಗಳ ಮಾತೂ ಹಾಗೆಯೇ: ಕಪ್ಪುವರ್ಣದ ಮಕ್ಕಳಿಗೆಂದೇ ಇದ್ದ ಕೊನೆಯ ಶಾಲೆಯು ಒಂಟೇರಿಯೊದಲ್ಲಿ ೧೯೬೫ರಲ್ಲಿ, ನೋವಾ ಸ್ಕೋಷಿಯದಲ್ಲಿ ೧೯೮೩ರಲ್ಲಿ ಮುಚ್ಚಿತು.

ಸಮಾಜಶಾಸ್ತ್ರಜ್ಞನಾದ ಜಾನ್ ಪೋರ್ಟರ್ ೧೯೬೫ರಲ್ಲಿ ಪ್ರಕಟಿಸಿದ ‘ವರ್ಟಿಕಲ್ ಮೊಸೇಯಿಕ್’ ಎಂಬ ಗ್ರಂಥದಲ್ಲಿ, ಕೆನಡದಲ್ಲಿ ಮೂಲಕ್ಕೂ ಅಂತಸ್ತಿಗೂ ಇರುವ ಸಂಬಂಧವನ್ನು ಜನಗಣತಿಯ ಆಧಾರದಿಂದ ತೋರಿಸಿದನು. ಪೂರ್ವ ಯೂರೋಪಿನವರು ಆಗಿನ ಲೆಕ್ಕದಲ್ಲಿ ಕೆಳಗಿನ ಮೆಟ್ಟಿಲುಗಳಲ್ಲಿದ್ದರು. ಅನಂತರದ ತಲೆಮಾರುಗಳಲ್ಲಿ ಅವರು ಮೇಲಕ್ಕೆ ಬಂದರು. ೧೯೬೨ರಲ್ಲಿ ವಲಸೆಯ ನಿಯಮಗಳಿಂದ ವರ್ಣದ ನಿರ್ಬಂಧವು ಬಹುಮಟ್ಟಿಗೆ ಹೋಗಿ, ೧೯೬೭ರಲ್ಲಿ ವಿದ್ಯೆಗೂ ಕಸುಬಿಗೂ ಅಂಕ ಹಾಕುವ ಪದ್ಧತಿಯು ಬಂದಿತು. ಅದರಿಂದ ಆರಿಸಲ್ಪಟ್ಟು ಬಂದ ಆಫ್ರಿಕದವರ ಮಕ್ಕಳಲ್ಲಿ ವಿಶ್ವವಿದ್ಯಾನಿಲಯದ ಪದವಿ ಪಡೆದವರು ಬಹಳ. ಕುಲಸ್ವಭಾವವಾದಕ್ಕೆ ಇದೊಂದೇ ಸಾಕಾದ ಖಂಡನೆ. ಆದರೆ ಆ ವಿದ್ಯೆಗೆ ತಕ್ಕ ಸಂಬಳ ಅವರಿಗೆ ಇನ್ನೂ ಸಮನಾಗಿ ದೊರೆಯುತ್ತಿಲ್ಲವೆಂದು ಆ ದೇಶದ ಅಂಕಿಅಂಶಗಳೇ ತೋರಿಸುತ್ತವೆ. ಮೊದಲನೆಯ ಕಾರಣವು ಶಿಥಿಲವಾದರೂ ಎರಡನೆಯದು ಉಳಿದಿದೆಯೆಂದು ಇದರಿಂದ ತಿಳಿಯಬೇಕು.

೭

ಆದುದರಿಂದ ಸಿದ್ಧಾಂತವಿಷ್ಟು. ಯುಕ್ರೇನೀಯರ ಏಳಿಗೆಯಲ್ಲಿ ಅವರ ಶ್ರಮವು ಕಾರಣವಲ್ಲವೆಂದು ಇಲ್ಲಿ ಹೇಳಿಲ್ಲ. ಕಲ್ಲನ್ನೂ ಕಾಡನ್ನೂ ತೆಗೆದು ಗೋದಿಯನ್ನು ಬೆಳೆದುದು ಅವರ ತೋಳ್ಬಲವೇ. ಆದರೆ ಶ್ರಮವು ಇಬ್ಬರಿಗೂ ಸಾಧಾರಣವಾದ ಕಾರಣ; ಫಲದಲ್ಲಿ ಭೇದವನ್ನುಂಟುಮಾಡಿದ ಅಸಾಧಾರಣ ಕಾರಣಗಳು ಎರಡು. ಒಬ್ಬರ ಶ್ರಮವು ಹಕ್ಕುಪತ್ರದಲ್ಲಿ ಲಿಖಿತವಾಗಿ ಮಕ್ಕಳಿಗೆ ಸಂದಿತು, ಇನ್ನೊಬ್ಬರದು ಹಾಗೆ ಲಿಖಿತವಾಗಲಿಲ್ಲ. ಒಬ್ಬರ ಮೇಲಿನ ತಿರಸ್ಕಾರವು ಹೆಸರಿಗೆ ಅಂಟಿದುದಾಗಿ ಕಾಲಕ್ರಮದಲ್ಲಿ ಕಳಚಿಕೊಂಡಿತು, ಇನ್ನೊಬ್ಬರದು ಮೈಯ ಬಣ್ಣಕ್ಕೆ ಅಂಟಿದುದಾಗಿ ಉಳಿಯಿತು. ಸಾಹಿತ್ಯವನ್ನು ಬೋಧಿಸುವವರಿಗೂ ಇದು ಪ್ರಕೃತವೇ. ಕಥೆಗಳಲ್ಲಿಯೂ ಪ್ರವಾಸವರ್ಣನೆಗಳಲ್ಲಿಯೂ ಒಂದು ಕುಲವು ಶ್ರಮಶೀಲವೆಂದೂ ಮತ್ತೊಂದು ಅಲಸವೆಂದೂ ವಿಶೇಷಣಗಳು ಬರುತ್ತಲೇ ಇರುತ್ತವೆ. ಅಂತಹ ವಿಶೇಷಣವನ್ನು ವಿದ್ಯಾರ್ಥಿಗಳಿಗೆ ಅರ್ಥಹೇಳಿ ಮುಂದೆ ಸಾಗುವುದಕ್ಕಿಂತ ಮುಂಚೆ, ಆ ಜನರು ಉತ್ತ ನೆಲದ ಪತ್ರ ಯಾರ ಹೆಸರಿನಲ್ಲಿದ್ದಿತೆಂದು ಒಮ್ಮೆ ಕೇಳುವುದು ಉಚಿತ.