ಗಣಕಯಂತ್ರ ಹಾಗೂ ತಂತ್ರಾಂಶಗಳ ಆವೃತ್ತಿ: ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಸಾರ್ವಜನಿಕರು ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವಾಗ, ಬಳಸುವ ಯಂತ್ರ ಮತ್ತು ತಂತ್ರಾಂಶದ ಆವೃತ್ತಿ ಹಳೆಯದಾಗಿದ್ದಲ್ಲಿ ಕನ್ನಡದ ಹೆಸರುಗಳು ತಪ್ಪಾಗಿ ದಾಖಲಾಗುವ ಸಂಭವವಿರುತ್ತದೆ. ಇದರ ಕಾರಣ ಹಾಗೂ ವಹಿಸಬೇಕಾದ ಎಚ್ಚರಿಕೆಯನ್ನು ಇಲ್ಲಿ ವಿವರಿಸಲಾಗಿದೆ.

ಆವೃತ್ತಿ ಎಂದರೇನು?

ತಂತ್ರಾಂಶವೊಂದನ್ನು ಸುಧಾರಿಸಿ ಮತ್ತೆ ಬಿಡುಗಡೆ ಮಾಡಿದಾಗ ಅದಕ್ಕೆ ನೀಡುವ ಗುರುತೇ ಆವೃತ್ತಿ. ಉದಾಹರಣೆಗೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವು 2003ರಲ್ಲಿ ಜಾರಿಗೆ ಬಂದಿದ್ದು, ಕಾವೇರಿ 2.0 ಆವೃತ್ತಿಯು 2023ರಲ್ಲಿ ಬಳಕೆಗೆ ಬಂದಿತು. ಹೊಸ ಆವೃತ್ತಿಯಲ್ಲಿ ಪಕ್ಷಕಾರರೇ ವಿವರಗಳನ್ನು ಮುಂಚಿತವಾಗಿ ದಾಖಲಿಸುತ್ತಾರೆ. ಉಪ ನೋಂದಣಾಧಿಕಾರಿಯವರು ಅವುಗಳನ್ನು ಪರಿಶೀಲಿಸುತ್ತಾರೆ. ಆದುದರಿಂದ ಹೆಸರನ್ನು ಸರಿಯಾಗಿ ನಮೂದಿಸುವ ಮೊದಲ ಹೊಣೆ ಅರ್ಜಿದಾರರದೇ ಆಗಿರುತ್ತದೆ.

ಕನ್ನಡ ಅಕ್ಷರಗಳ ಶೇಖರಣೆ

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ಉಳಿಸುತ್ತದೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಆರಂಭಿಕ ಆವೃತ್ತಿಗಳಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆಗಳನ್ನೇ ಕನ್ನಡದ ಅಕ್ಷರಭಾಗಗಳಿಗೆ ಬಳಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದಾಗ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಖ್ಯೆಗಳಿದ್ದು, 1991ರ ಮೊದಲ ಆವೃತ್ತಿಯಿಂದಲೇ ಕನ್ನಡವು ಅದರಲ್ಲಿ ಸೇರಿದೆ. ಅಲ್ಲಿ ತೆಲುಗಿನ ಸಂಖ್ಯೆಗಳು ಮುಗಿದ ಕೂಡಲೇ ಕನ್ನಡದವು ಆರಂಭವಾಗುತ್ತವೆ. ಆಂಧ್ರಪ್ರದೇಶದ ಗಡಿಗೆ ಹೊಂದಿರುವ ಪಾವಗಡದಂತಹ ತಾಲ್ಲೂಕಿನಲ್ಲಿ ಎರಡೂ ಭಾಷೆಗಳ ಹೆಸರುಗಳನ್ನು ಒಂದೇ ಕಡತದಲ್ಲಿ ಗೊಂದಲವಿಲ್ಲದೆ ಇರಿಸಲು ಇದರಿಂದ ಸಾಧ್ಯವಾಗುತ್ತದೆ.

ಎರಡು ಬಗೆಯ ದೋಷಗಳು

1. ಶೇಖರಣೆಯ ದೋಷ: ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಹೆಸರು ಆ ಯಂತ್ರದಲ್ಲಿ ಸರಿಯಾಗಿ ಕಂಡರೂ ಬೇರೆಡೆ ಕೆಡುತ್ತದೆ. ಇದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಬಳಸಬೇಕು. ನುಡಿಯ ನಂತರದ ಆವೃತ್ತಿಗಳಲ್ಲಿ ಇದಕ್ಕೆ ಪರಿವರ್ತಕವಿದೆ.

2. ಪ್ರದರ್ಶನದ ದೋಷ: ಹಳೆಯ ಯಂತ್ರದಲ್ಲಿ "ಕೃಷ್ಣಪ್ಪ" ಎಂಬುದು "ಕೃಷ್‌ಣಪ್‌ಪ" ಎಂದು ಒಡೆದು ಕಾಣಬಹುದು. ಇಲ್ಲಿ ಶೇಖರಣೆ ಸರಿಯಾಗಿಯೇ ಇರುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಭಾರತೀಯ ಭಾಷೆಗಳ ಸೌಲಭ್ಯವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗಿತ್ತು. ಇಂತಹ ಹೆಸರನ್ನು "ತಿದ್ದಲು" ಹೋದರೆ ಸರಿಯಿದ್ದ ದಾಖಲೆಯೇ ಕೆಡುತ್ತದೆ. ತಿದ್ದುವ ಮುನ್ನ ಹೊಸ ಯಂತ್ರವೊಂದರಲ್ಲಿ ಪರಿಶೀಲಿಸಬೇಕು.

ಬೆಂಬಲ ಮುಗಿದ ಆವೃತ್ತಿಗಳು

ವಿಂಡೋಸ್ ಎಕ್ಸ್‌ಪಿಗೆ 08-04-2014ರಂದು, ವಿಂಡೋಸ್ 7ಕ್ಕೆ 14-01-2020ರಂದು ಹಾಗೂ ವಿಂಡೋಸ್ 10ಕ್ಕೆ 14-10-2025ರಂದು ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಕ್ತಾಯವಾಗಿದೆ. ಬೆಂಬಲವಿಲ್ಲದ ಯಂತ್ರದಲ್ಲಿ ಒಟಿಪಿ ಅಥವಾ ಬ್ಯಾಂಕ್ ವಿವರ ನಮೂದಿಸುವುದು ಸುರಕ್ಷಿತವಲ್ಲ.

ತಪ್ಪಿನ ಪರಿಣಾಮ

ನೋಂದಣಿಯ ನಂತರ ವಿವರಗಳು ಮ್ಯುಟೇಷನ್‌ಗಾಗಿ ಭೂಮಿ ತಂತ್ರಾಂಶಕ್ಕೆ ರವಾನೆಯಾಗುತ್ತವೆ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ ಕಲಂ 133ರಂತೆ ಹಕ್ಕು ದಾಖಲೆಯ ನಮೂದನ್ನು, ಅದಕ್ಕೆ ವಿರುದ್ಧವಾದುದು ಸಾಬೀತಾಗುವವರೆಗೆ ಅಥವಾ ಕಾನೂನು ರೀತ್ಯಾ ಹೊಸ ನಮೂದು ಆಗುವವರೆಗೆ ನಿಜವೆಂದು ಭಾವಿಸಲಾಗುತ್ತದೆ. ಅಂದರೆ ಒಂದು ಒತ್ತಕ್ಷರದ ತಪ್ಪೂ ಪಹಣಿಯಲ್ಲಿ ಉಳಿದು, ಮುಂದೆ ಸಾಲ, ಪರಿಹಾರ ಅಥವಾ ವಾರಸಾ ಖಾತೆಯ ಸಂದರ್ಭದಲ್ಲಿ ತೊಡಕಾಗಬಹುದು. ಮ್ಯುಟೇಷನ್ ಆದೇಶ ವಿವಾದಕ್ಕೊಳಗಾದಲ್ಲಿ ಮಧುಗಿರಿಯ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಸಲ್ಲಿಸಬೇಕಾಗುತ್ತದೆ.

ಸಲ್ಲಿಸುವ ಮುನ್ನ

* ಬೆರಳಚ್ಚು ಮಾಡಿದ ಹೆಸರನ್ನು ನಕಲು ಮಾಡಿ ಮೊಬೈಲ್‌ಗೆ ಸಂದೇಶವಾಗಿ ಕಳುಹಿಸಿ ನೋಡುವುದು. ಅಲ್ಲಿಯೂ ಕನ್ನಡವಾಗಿಯೇ ಕಂಡಲ್ಲಿ ಅದು ಯೂನಿಕೋಡ್ ಆಗಿರುತ್ತದೆ.
* ಹೆಸರು, ತಂದೆಯ ಹೆಸರು ಹಾಗೂ ಗ್ರಾಮದ ಹೆಸರನ್ನು ಪಹಣಿ ಮತ್ತು ಆಧಾರ್‌ನೊಂದಿಗೆ ಅಕ್ಷರಶಃ ಹೋಲಿಸುವುದು.
* ಸೇವಾ ಕೇಂದ್ರದಲ್ಲಿ ಬೇರೆಯವರು ಬೆರಳಚ್ಚು ಮಾಡಿದ್ದರೂ, ಸಲ್ಲಿಸುವ ಮೊದಲು ಕರಡನ್ನು ಸ್ವತಃ ಓದುವುದು; ಓದಲು ಬಾರದವರು ನಂಬಿಕಸ್ಥರಿಂದ ಓದಿಸಿ ಕೇಳುವುದು.